ವಟಾಣಿಯಷ್ಟು ಪೇಸ್ಟು

ತಿಳಿದವರು ಕೆಲಸ ಮಾಡುವಾಗ ತಿಳಿಯದವರು ಸುಮ್ಮನಿರಬೇಕು ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬ್ಯಾಂಕಿನಲ್ಲಿ ಕಿರಿಯರಿಗೆ ಇದನ್ನು ಹೇಳುತ್ತಲೂ ಇರುತ್ತೇನೆ, ಸಾಮಾನ್ಯವಾಗಿ ಅವರು ಕೆಲಸ ಮಾಡುತ್ತಿರುವಾಗಲೇ. ಭಾಲ್ಕಿಯಿಂದ ವರ್ಗವಾಗಿ ಮಹಾರಾಷ್ಟ್ರದ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ ಬಂದು, ವಾಳೂಜಿನ ಶಾಖೆಯಲ್ಲಿ ಕುಳಿತ ಮೇಲೂ ಈ ಗುಣ ನನ್ನನ್ನು ಬಿಟ್ಟಿಲ್ಲ.

ಮಗಳು ಶ್ರೇಯಾ ಇಲ್ಲಿಯೇ ಆರ್ಕಿಟೆಕ್ಚರ್ ಓದುತ್ತಾಳೆ. ದೌಲತಾಬಾದ್ ಕೋಟೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸೋಮವಾರ ಕಾಲೇಜಿಗೆ ಒಪ್ಪಿಸಬೇಕಿತ್ತು. ಅವಳ ಹಳೆಯ ಲ್ಯಾಪ್‌ಟಾಪ್ ಕೋಟೆಯ ಮೊದಲ ಬಾಗಿಲಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಶತ್ರುಗಳು ಕೂಡ ಇನ್ನೂ ಸ್ವಲ್ಪ ಒಳಗೆ ಹೋಗಿದ್ದಿರಬೇಕು. ಕೊನೆಗೆ ಅವಳು ಬಿಡಿಭಾಗಗಳನ್ನು ತರಿಸಿಕೊಂಡು, ಭಾನುವಾರ ಊಟದ ಮೇಜಿನ ಮೇಲೆ ತಾನೇ ಹೊಸ ಕಂಪ್ಯೂಟರ್ ಜೋಡಿಸಲು ಕೂತಳು. ಎಲ್ಲ ಸುಸೂತ್ರವಾಗಿ ನಡೆದದ್ದು ಥರ್ಮಲ್ ಪೇಸ್ಟಿನವರೆಗೆ. ಬಿಸಿಯಾಗುವ ಪ್ರೊಸೆಸರಿಗೂ ಅದರ ಮೇಲೆ ಕೂರುವ ಕೂಲರಿನ ಲೋಹದ ತಳಕ್ಕೂ ನಡುವೆ ಈ ಬೂದು ಬಣ್ಣದ ಪೇಸ್ಟ್ ಹಚ್ಚಬೇಕಂತೆ. ಬಿಸಿಯನ್ನು ಮೇಲಕ್ಕೆ ದಾಟಿಸುವುದು ಅದರ ಕೆಲಸ.

"ಪಪ್ಪಾ, ನೀವು ಕೂಲರಿನ ತಳದ ಪ್ಲಾಸ್ಟಿಕ್ ತೆಗೀರಿ, ಬಸ್. ಮತ್ತೇನೂ ಮಾಡಬ್ಯಾಡ್ರಿ" ಎಂದು ಹೇಳಿ ಶ್ರೇಯಾ ಪ್ರೊಸೆಸರಿನ ಮೇಲೆ ಪೇಸ್ಟಿನ ಒಂದು ಹನಿ ಒತ್ತಿದಳು.

"ಇಷ್ಟೇ ಏನು?" ಎಂದೆ.

"ವಟಾಣಾದಷ್ಟು ಸಾಕು."

ಅಡುಗೆಮನೆಯಿಂದ ನನ್ನ ಹೆಂಡತಿ ಸುವರ್ಣಾ ಕೇಳಿದಳು: "ಹಸಿ ವಟಾಣಿನೋ, ಒಣದೋ?"

ಹೋಳಿಗೆಗೆ ಇಷ್ಟೇ ತುಪ್ಪ ಹಾಕಿದರೆ ನಮ್ಮ ಕಡೆ ಬೀಗರು ಎದ್ದು ಹೋಗುತ್ತಾರೆ ಎಂದು ನಾನು ನೆನಪಿಸಿದೆ. ಒಣ ವಟಾಣಿ ಆಮೇಲೆ ಉಬ್ಬುತ್ತದೆ, ಚಿಂತೆಯಿಲ್ಲ ಎಂಬುದು ಸುವರ್ಣಳ ಪಕ್ಷ. ಚರ್ಚೆ ಬಿಸಿಯೇರುತ್ತಿದ್ದಾಗ ಶ್ರೇಯಾ ನನ್ನ ಕೈಯಿಂದ ಕೂಲರ್ ಕಸಿದುಕೊಂಡು, ಕೂರಿಸಿ, ಸ್ಕ್ರೂ ಬಿಗಿದಳು.

ಕಂಪ್ಯೂಟರ್ ಶುರುವಾಯಿತು. ಕೋಟೆ ಕಾಣಿಸಿತು. ಮರುಗಳಿಗೆಯಲ್ಲೇ ಪರದೆ ಕಪ್ಪಾಯಿತು.

"ಖೂಪ್ ಗರಂ ಆಗ್ಯಾದ" ಎಂದಳು ಶ್ರೇಯಾ. ಮತ್ತೆ ಚಾಲೂ ಮಾಡಿದರೂ ಅದೇ ಹಾಡು. ಪ್ರೊಸೆಸರೇ ಹಾಳಾಯಿತೆಂದು ಅವಳ ಕಣ್ಣಲ್ಲಿ ನೀರು ಬಂತು. ಸಮಾಧಾನ ಹೇಳುವುದು ತಂದೆಯ ಕರ್ತವ್ಯವಾದ್ದರಿಂದ, "ನಾ ಹೇಳಿದ್ದೆ, ಪೇಸ್ಟ್ ಕಡಿಮಿ ಆತು" ಎಂದೆ.

ಅವಳು ಮೂಗೊರೆಸಿಕೊಂಡು ಕೂಲರ್ ಬಿಚ್ಚಿ, ತಿರುಗಿಸಿ ನೋಡಿದಳು. ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು. ಪೇಸ್ಟ್ ಅದರ ಮೇಲೆ ಲಕ್ಷಣವಾಗಿ ಹರಡಿತ್ತು.

"ಪಪ್ಪಾ, ಇದನ್ನ ತೆಗೀರಿ ಅಂದಿದ್ನಲ್ರಿ?"

"ಅದರ ಮ್ಯಾಲ ಬಳಸೋ ಮೊದಲು ತೆಗೀಬೇಕು ಅಂತ ಬರದಾರ. ಬಳಸೋದು ಇನ್ನೂ ಎಲ್ಲಿ ಶುರುವಾಗಿತ್ತು?" ಎಂದೆ.

ಸುವರ್ಣಾ ಹೊರಗೆ ಬಂದಳು. "ನೀವು ಹೋಗಿ ಕೊತ್ತಂಬರಿ ತಗೊಂಡ್ ಬರ್ರಿ" ಎಂದಳು. ಮನೆಯಲ್ಲಿ ಕೊತ್ತಂಬರಿ ಇತ್ತು. ಆದರೂ ಹೋದೆ.

ಮರಳಿದಾಗ ಪರದೆಯ ಮೇಲೆ ಕೋಟೆ ನಿಧಾನವಾಗಿ ತಿರುಗುತ್ತಿತ್ತು. ಶ್ರೇಯಾ ಹಳೆಯ ಪೇಸ್ಟ್ ಒರೆಸಿ, ಹಾಳೆ ಕಿತ್ತು, ಮತ್ತೆ ಮೊದಲಿನಷ್ಟೇ ಹಚ್ಚಿದ್ದಳು. ಕಂಪ್ಯೂಟರ್ ತಣ್ಣಗಿತ್ತು. "ಬರ್ರಿ ಪಪ್ಪಾ, ತುದೀ ತನಕ ಹೋಗೋಣ" ಎಂದು ಪಕ್ಕದ ಕುರ್ಚಿ ಎಳೆದಳು. ಪರದೆಯಲ್ಲೇ ಮೇಲಿನ ಫಿರಂಗಿಯವರೆಗೂ ಹತ್ತಿದೆವು. ಒಂದೆರಡು ಕಡೆ ಮೆಟ್ಟಿಲು ಕಿರಿದಾಯಿತೆಂದು ಅನ್ನಿಸಿತು, ಹೇಳಲಿಲ್ಲ.

ಸೋಮವಾರ ಶಾಖೆಯಲ್ಲಿ ಕ್ಯಾಷಿಯರ್ ಕೇಳಿದರು, ಮಗಳು ಒಬ್ಬಳೇ ಜೋಡಿಸಿದಳೇ ಎಂದು. ತಂಪಾಗಿಡುವ ವಿಭಾಗ ಮಾತ್ರ ನನಗೆ ವಹಿಸಿದ್ದಳು ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಅವರು ಬಹಳ ಗೌರವದಿಂದ, ಮುಂದಿನ ಭಾನುವಾರ ತಮ್ಮ ಮನೆಯಲ್ಲೂ ಒಂದು ಕಂಪ್ಯೂಟರ್ ಜೋಡಿಸುವುದಿದೆ, ದಯವಿಟ್ಟು ಬನ್ನಿ ಎಂದರು.

ಒಪ್ಪಿಕೊಂಡಿದ್ದೇನೆ.