ಮುಖ್ಯಸ್ಥರ ಉಸಿರನ್ನು ಕಠಿಣ ಹವಾಮಾನವೆಂದು ಪರಿಗಣಿಸುವ ಕುರಿತು

ಇಂದ:
ಟೊಗಾಶಿ ಚಿಜುರು,
ಹಿರಿಯ ವಿನ್ಯಾಸಕಿ, ಜೂಮ್ ಲೆನ್ಸ್ ವಿಭಾಗ,
ತಾತೆಮಿನೆ ಆಪ್ಟಿಕಲ್ ಕಂಪನಿ, ಸುವಾ, ನಾಗಾನೊ ಪ್ರಾಂತ.

ಗೆ:
ಮಾನ್ಯ ಅಧ್ಯಕ್ಷರು,
ಅದೇ ಕಂಪನಿ, ಮೂರನೆಯ ಮಹಡಿ (ಹೀಟರ್ ಕೆಲಸ ಮಾಡುವ ಕೋಣೆ).

ಮೂಲಕ:
ಶ್ರೀ ಮಿಯಾಸಾಕಾ, ಮುಖ್ಯಸ್ಥರು, ಜೂಮ್ ಲೆನ್ಸ್ ವಿಭಾಗ. (ಕಾಗದವನ್ನು ಓದದೆಯೇ ಮುದ್ರೆ ಒತ್ತುವ ತಮ್ಮ ಎಂದಿನ ಪದ್ಧತಿಯನ್ನು ಈ ಸಲವೂ ಕೈಬಿಡಬಾರದೆಂದು ಕೋರಿಕೆ.)

ವಿಷಯ: ಲೆನ್ಸುಗಳ ಪರೀಕ್ಷಾ ಪಟ್ಟಿಗೆ ಹೊಸದೊಂದು ಪರೀಕ್ಷೆಯನ್ನು ಸೇರಿಸುವ ಬಗ್ಗೆ, ಹಾಗೂ ಇಸೊನಾಯಿ ಬಂದರಿನ ಧಕ್ಕೆಯ ಮೇಲೆ ತಾತ್ಕಾಲಿಕ ಹುದ್ದೆಯೊಂದನ್ನು ತುಂಬುವ ಬಗ್ಗೆ.

ಉಲ್ಲೇಖ: ೧. ‘ಶುಕ್ರವಾರದೊಳಗೆ ತಪ್ಪೊಪ್ಪಿಗೆ ಪತ್ರ ಕೊಡತಕ್ಕದ್ದು’ ಎಂಬ ಮುಖ್ಯಸ್ಥರ ಮೌಖಿಕ ಆದೇಶ. ೨. ವರ್ಷದ ಕೊನೆಯ ಮಹಾ ಶುಚಿ. ೩. ಅಮ್ಮನ ಫೋನು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳು ಹುಟ್ಟಿದ್ದು ಹೊಕ್ಕಾಯ್ದೊದ ಉತ್ತರದ ಇಸೊನಾಯಿ ಬಂದರಿನಲ್ಲಿ. ಅವಳ ತಂದೆ ಒಂದು ಚಳಿಗಾಲದಲ್ಲಿ ಕಾಡ್ ಮೀನಿಗೆಂದು ದೋಣಿಯಲ್ಲಿ ಹೋದವರು ಮರಳಿ ಬರಲಿಲ್ಲ. ಅಂದಿನಿಂದ ತಾಯಿ ಫುಮಿಯೆ, ಮಗ ಕೊಹೇಯಿ ಕಡಲಿಗಿಳಿದಾಗಲೆಲ್ಲ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ನಿಂತು ಕಾಯುತ್ತಿದ್ದರು. ನೋಡುತ್ತಾ ನಿಂತರೆ ದೋಣಿ ಬರುತ್ತದೆ, ಕಣ್ಣು ತೆಗೆದರೆ ಬರುವುದಿಲ್ಲ ಎಂಬುದು ಅವರ ಸಿದ್ಧಾಂತ. ನಮ್ಮ ಪ್ರಯೋಗಾಲಯ ಇದನ್ನು ಇದುವರೆಗೆ ಪರೀಕ್ಷಿಸಿಲ್ಲ.

೨. ಆದ ಕಾರಣ, ಆ ಬಂದರಿನ ಮೀನುಗಾರರ ಸಹಕಾರ ಸಂಘದವರು ದೀಪಸ್ತಂಭಕ್ಕೆ ಕ್ಯಾಮೆರಾ ಬೇಕೆಂದು ಕೇಳಿದಾಗ, ಅದರ ಜೂಮ್ ಲೆನ್ಸನ್ನು ತಾನೇ ವಿನ್ಯಾಸ ಮಾಡುವುದಾಗಿ ಅರ್ಜಿದಾರಳು ಕೈ ಎತ್ತಿದಳು. ಗಾಜು, ಹಿತ್ತಾಳೆ, ಅಲ್ಯೂಮಿನಿಯಂ ಮೂರೂ ಚಳಿಗೆ ಕುಗ್ಗುವ ರೀತಿ ಬೇರೆ ಬೇರೆ. ಓರಗಿತ್ತಿಯರನ್ನು ಒಂದೇ ಅಡುಗೆಮನೆಯಲ್ಲಿ ಇಟ್ಟ ಹಾಗೆ ಒಂದಕ್ಕೊಂದು ತಾಗದಂತೆ ಅವನ್ನು ಕೂಡಿಸಬೇಕು. ಕೊರೆಯುವ ಚಳಿಯಲ್ಲೂ ಗಟ್ಟಿಯಾಗದ ಗ್ರೀಸು, ಮುಂದಿನ ಗಾಜಿನ ಮೇಲೆ ಹಿಮ ಕೂರದಂತೆ ಸಣ್ಣ ಕಾವು, ಒಳಗೆ ತೇವದ ಸುಳಿವೂ ಇಲ್ಲದ ಒಣ ಅನಿಲ, ಹೊರಗೆ ಎಂಟು ಸ್ಕ್ರೂಗಳ ಬಿಗಿ ಮುಚ್ಚಳ. ಉಪ್ಪುಗಾಳಿ ಬಡಿಯಿತು, ಅಲೆ ಅಲುಗಾಡಿಸಿತು, ಕಡಲಹಕ್ಕಿಗಳು ಕುಕ್ಕಿದವು, ಹಕ್ಕಿಗಳು ಮಾಡಬಹುದಾದ ಬೇರೆಲ್ಲವನ್ನೂ ಮಾಡಿದವು. ಲೆನ್ಸಿಗೆ ಏನೂ ಆಗಲಿಲ್ಲ.

೩. ಅಮ್ಮ ಸಂಘದ ಕೋಣೆಗೆ ಬಂದು ಕೂತರು. ಒಂದು ಲೋಟ ಚಹಾ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಎದುರಿಗೆ ಆ ಕ್ಯಾಮೆರಾ ಕಂಡದ್ದನ್ನು ತೋರಿಸುವ ಟೀವಿ. ದೋಣಿ ಭೂಶಿರವನ್ನು ಬಳಸಿ ಬರುವಾಗಲೇ ಅದರ ಮೂತಿಯ ಮೇಲಿನ ಹೆಸರನ್ನು ಓದಬಹುದಿತ್ತು. “ನಿನ್ನ ಕಣ್ಣು ಚೆನ್ನಾಗಿದೆ ಕಣೇ ಚಿಜುರು, ನನ್ನ ಹೊಟ್ಟೇಲಿ ಹುಟ್ಟಿದ್ದೂ ಸಾರ್ಥಕ” ಎಂದು ಫೋನಿನಲ್ಲಿ ಹೇಳಿದರು. ಅರ್ಜಿದಾರಳಿಗೆ ಕಂಪನಿಯ ಯಾವ ಬಡ್ತಿಯೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಬಡ್ತಿ ಬಂದಿರಲೂ ಇಲ್ಲ, ಅದು ಬೇರೆ ಮಾತು.

೪. ಹೀಗಿರುವಲ್ಲಿ ಡಿಸೆಂಬರಿನ ಮಹಾ ಶುಚಿಯ ದಿನ ಬಂತು. ಎಲ್ಲರೂ ತಂತಮ್ಮ ಮೇಜು ಒರೆಸುವುದು ರೂಢಿ. ಆದರೆ ಮುಖ್ಯಸ್ಥರ ಮೇಜು ಮೊದಲೇ ಸ್ವಚ್ಛ. ಅಲ್ಲಿ ಮುದ್ರೆಯ ಹೊರತು ಕೆಲಸದ ವಸ್ತು ಯಾವುದೂ ಇಲ್ಲ. ಆದ ಕಾರಣ, ಗಿರಾಕಿಗಳಲ್ಲಿಗೇ ಹೋಗಿ ನಮ್ಮ ಕ್ಯಾಮೆರಾಗಳನ್ನು ಶುಚಿ ಮಾಡಿ ಕೃತಜ್ಞತೆ ಸಲ್ಲಿಸಬೇಕೆಂದು ಅವರಿಗೆ ಹೊಳೆಯಿತು. ಕಂಪನಿಯ ಹೆಸರು ಅಚ್ಚಾದ ಟವೆಲ್ ಹಣೆಗೆ ಕಟ್ಟಿಕೊಂಡು ಇಸೊನಾಯಿಗೆ ಹೋದರು, ದೀಪಸ್ತಂಭ ಹತ್ತಿದರು, ಎಂಟೂ ಸ್ಕ್ರೂ ಬಿಚ್ಚಿದರು, ಒಳಗಿನ ಗಾಜಿನ ಮೇಲೆ ಬಾಯಿ ತುಂಬ ‘ಹಾ’ ಎಂದು ಉಸಿರೂದಿ ಅದೇ ಟವೆಲ್‌ನಿಂದ ಒರೆಸಿದರು. ಆಮೇಲೆ ಉಸಿರಿನ ಸಮೇತ ಮುಚ್ಚಳ ಬಿಗಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಾದರೂ ಕಂಪನಿ ಪತ್ರಿಕೆಯಲ್ಲಿ ಬಂದ ಫೋಟೋ ಲಗತ್ತಿಸಿದೆ. ಅದರಡಿಯ ಬರಹ: ‘ಹೃದಯದಿಂದ ಬಂದ ಉಸಿರು’.

೫. ಜನವರಿಯ ಚಳಿ ಆ ಉಸಿರನ್ನು ಗಾಜಿನ ಒಳಮೈಗೆ ಹೆಪ್ಪುಗಟ್ಟಿಸಿತು. ಅಮ್ಮನ ಫೋನು ಬಂತು.

“ಚಿಜುರು, ನಿನ್ನ ಕಣ್ಣಿಗೆ ಪೊರೆ ಬಂದಿದೆ ಕಣೇ. ಏನೂ ಕಾಣ್ತಿಲ್ಲ.”

“ಅಮ್ಮ, ನೀನು ಒಳಗೇ ಕೂತಿರು. ದಮ್ಮಯ್ಯ, ಹೊರಗೆ ಹೋಗಬೇಡ.”

“ಬಿಳೀ ಗೋಡೆ ನೋಡೋಕೆ ಟೀವಿ ಯಾಕೆ ಬೇಕು? ನಿನ್ನ ತಮ್ಮ ಇನ್ನೂ ಬಂದಿಲ್ಲ.”

ಫೋನು ಇಟ್ಟು ಧಕ್ಕೆಗೆ ಹೋದರು. ಕೊಹೇಯಿ ಬಂದ, ಮಂಜುಗಡ್ಡೆ ತೇಲಿ ಬಂದಿದ್ದರಿಂದ ಸುತ್ತು ಹಾಕಿ ತಡವಾಗಿ ಬಂದ. ಅಷ್ಟರಲ್ಲಿ ಅಮ್ಮನ ಎಡಗಾಲಿನ ಎರಡು ಬೆರಳು ಚಳಿಗೆ ಸತ್ತು ಕಪ್ಪಾಗಿದ್ದವು. ಅವು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. “ನಾನು ನಿಂತಿದ್ದಕ್ಕೇ ಅವನು ಬಂದಿದ್ದು” ಎನ್ನುತ್ತಾ ಅಮ್ಮ ಈಗ ಕೋಲೂರಿಕೊಂಡು ದಿನಾ ಹೋಗಿ ನಿಲ್ಲುತ್ತಾರೆ.

೬. ಈ ಸಂಗತಿಯನ್ನು ಮುಖ್ಯಸ್ಥರ ಗಮನಕ್ಕೆ ತಂದಾಗ ನಡೆದ ಮಾತುಕತೆಯನ್ನು ತಮ್ಮ ಅವಗಾಹನೆಗಾಗಿ ಯಥಾವತ್ತಾಗಿ ನೀಡಲಾಗಿದೆ.

“ಟೊಗಾಶಿ ಸಾನ್, ಒಳ್ಳೇ ಮನಸ್ಸಿಂದ ಮಾಡಿದ್ದನ್ನ ತಪ್ಪು ಅಂತ ಬರೆಯೋಕಾಗತ್ತೇನ್ರೀ? ಟವೆಲ್ ಕೊಟ್ಟಾಗ ಸಂಘದ ಅಧ್ಯಕ್ಷರು ಎರಡೂ ಕೈಲಿ ತಗೊಂಡ್ರು!”

“ಮುಖ್ಯಸ್ಥರೇ, ಮುಚ್ಚಳದ ಮೇಲೆ ಕೆಂಪಕ್ಷರದಲ್ಲಿ ‘ಯಾವ ಕಾರಣಕ್ಕೂ ಬಿಚ್ಚಬಾರದು’ ಅಂತ ಬರೆದಿತ್ತಲ್ಲ.”

“ಅಯ್ಯೋ, ಅದು ಹೊರಗಿನೋರಿಗೆ. ನಾವು ಮನೆಯೋರಲ್ವಾ?”

“ನಕ್ಷೆಯಲ್ಲೂ ಅದೇ ಬರೆದಿದೆ. ನಿಮ್ಮ ಮುದ್ರೆ ಇದೆ ಅದರ ಮೇಲೆ.”

“ಮುದ್ರೆ ಹಾಕೋದು ನನ್ನ ಕೆಲಸ. ಓದೋದೂ ನನ್ನದೇ ಆದ್ರೆ ಸಂಜೆ ಮನೆಗೆ ಹೋಗೋದು ಯಾವಾಗ? ನೋಡಿ, ಲೆನ್ಸು ಅಂದ್ಮೇಲೆ ಒಂದು ಉಸಿರು ತಡೀಬೇಕಮ್ಮ. ತಡೀಲಿಲ್ಲ ಅಂದ್ರೆ ವಿನ್ಯಾಸದ ದೋಷ. ಬರೆದುಕೊಡಿ.”

೭. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಚಿಕಿತ್ಸೆಗೆ ಅರ್ಜಿದಾರಳ ಆಕ್ಷೇಪಣೆಯಿಲ್ಲ. ಆದರೆ ದೋಷವೆಂದು ಬರೆದುಕೊಟ್ಟ ಕೂಡಲೇ ಆ ಲೆನ್ಸನ್ನು ಹಿಂಪಡೆದು, ಜೂಮ್ ಇಲ್ಲದ ಸಾದಾ ಲೆನ್ಸ್ ಕೂರಿಸಲಾಗುವುದೆಂದು ತಿಳಿದುಬಂದಿದೆ. ಅದರಲ್ಲಿ ಧಕ್ಕೆ ಕಾಣುತ್ತದೆ, ಧಕ್ಕೆಯ ತುದಿಯಲ್ಲಿ ನಿಂತ ಅಮ್ಮ ಕಾಣುತ್ತಾರೆ, ದೋಣಿ ಕಾಣುವುದಿಲ್ಲ. ಅರ್ಜಿದಾರಳ ಮರ್ಯಾದೆ ಹೋದರೆ ಹೋಗಲಿ, ಅದನ್ನು ಯಾರೂ ಟೀವಿಯಲ್ಲಿ ನೋಡುವುದಿಲ್ಲ. ಲೆನ್ಸ್ ಹೋಗಬಾರದು. ಅಮ್ಮನ ಉಳಿದ ಬೆರಳುಗಳೂ ಹೋಗಬಾರದು.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

ಅ) ಉಪ್ಪು, ಧೂಳು, ಕಂಪನ, ಶೀತಗಳ ಜೊತೆಗೆ ‘ಮುಖ್ಯಸ್ಥ ಪರೀಕ್ಷೆ’ಯನ್ನೂ ಪಟ್ಟಿಗೆ ಸೇರಿಸುವುದು. ಲೆನ್ಸಿನೊಂದಿಗೆ ಮುಖ್ಯಸ್ಥರೊಬ್ಬರನ್ನು ಟವೆಲ್ ಸಮೇತ ಕೋಣೆಯಲ್ಲಿ ಕೂಡಿಹಾಕಿ, ಸ್ಕ್ರೂಡ್ರೈವರನ್ನು ಕೈಗೆಟಕುವಂತೆ ಇಟ್ಟು, ಮಧ್ಯಾಹ್ನದ ಊಟದವರೆಗೆ ಬಿಡತಕ್ಕದ್ದು. ಈ ಪರೀಕ್ಷೆಯಲ್ಲಿ ಬದುಕುಳಿದ ಲೆನ್ಸನ್ನು ಜ್ವಾಲಾಮುಖಿಯ ಬಾಯಿಗೆ ನಿರಾತಂಕವಾಗಿ ಕಳುಹಿಸಬಹುದು.

ಆ) ಅರ್ಜಿದಾರಳು ಇಸೊನಾಯಿಗೆ ಹೋಗಿ, ಲೆನ್ಸಿನ ಒಳಗನ್ನು ಒಣಗಿಸಿ, ಒಣ ಅನಿಲ ತುಂಬಿ ಮತ್ತೆ ಮುಚ್ಚಲು ಅನುಮತಿ ನೀಡುವುದು.

ಇ) ಆ ಕೆಲಸ ಮುಗಿಯುವವರೆಗೆ ಅಮ್ಮನ ಜಾಗದಲ್ಲಿ ಧಕ್ಕೆಯ ತುದಿಯಲ್ಲಿ ನಿಂತು ದೋಣಿ ಕಾಯಲು ಶ್ರೀ ಮಿಯಾಸಾಕಾ ಅವರನ್ನು ನಿಯೋಜಿಸುವುದು. ಅವರ ಕನ್ನಡಕ ಮಂಜಾದಲ್ಲಿ ‘ಹಾ’ ಎಂದು ಊದಿ ಒರೆಸಿಕೊಳ್ಳಲು ಅಡ್ಡಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ, ಹಾಗೂ ವಿನ್ಯಾಸದ ಏಕೈಕ ದೋಷ,

ಟೊಗಾಶಿ ಚಿಜುರು

ಲಗತ್ತುಗಳು:
೧. ಕಂಪನಿ ಪತ್ರಿಕೆಯ ಫೋಟೋ (ಕೆನ್ನೆ ಉಬ್ಬಿರುವವರು ಮುಖ್ಯಸ್ಥರು).
೨. ‘ಬಿಚ್ಚಬಾರದು’ ಎಂದು ಬರೆದ ನಕ್ಷೆ, ಮುಖ್ಯಸ್ಥರ ಮುದ್ರೆಯೊಂದಿಗೆ. ಪಕ್ಕದಲ್ಲಿರುವ ಅಧ್ಯಕ್ಷರ ಮುದ್ರೆಗೆ ತಲೆಬಾಗಿದಂತೆ ಕಾಣಲೆಂದು ಅವರು ಅದನ್ನು ತುಸು ವಾಲಿಸಿ ಒತ್ತಿದ್ದಾರೆ.
೩. ಟವೆಲ್, ಒಂದು. ಸಂಘದವರು ಎರಡೂ ಕೈಯಲ್ಲಿ ಹಿಂದಿರುಗಿಸಿದ್ದಾರೆ.

ವಿಶೇಷ ಸೂಚನೆ: ವಿಭಾಗದ ಮುಖ್ಯಸ್ಥರ ಮುದ್ರೆಯಿಲ್ಲದ ಕಾಗದ ಮೂರನೆಯ ಮಹಡಿಗೆ ಬರುವಂತಿಲ್ಲ, ಮುದ್ರೆ ಒತ್ತಿದವರು ಕಾಗದದಲ್ಲಿರುವ ಪ್ರತಿಯೊಂದಕ್ಕೂ ಒಪ್ಪಿದಂತೆ. ಎರಡೂ ತಾವೇ ಮಾಡಿದ ನಿಯಮಗಳು. ತಾವು ಇದನ್ನು ಓದುತ್ತಿದ್ದೀರಿ ಎಂದಾದರೆ ದಯವಿಟ್ಟು ಮೊದಲ ಪುಟದ ಬಲ ಮೇಲ್ಮೂಲೆಯನ್ನೊಮ್ಮೆ ನೋಡಬೇಕು. ಮುದ್ರೆ ಎಂದಿನಂತೆ ತಲೆಬಾಗಿಯೇ ಇರುತ್ತದೆ.

ಧಕ್ಕೆಗೆ ಹೋಗಲು ಹೀಗೆ ಒಪ್ಪಿಗೆ ಸಿಕ್ಕಿರುವ ಕಾರಣ, ಶ್ರೀ ಮಿಯಾಸಾಕಾ ಅವರ ಪಾದದ ಅಳತೆಯನ್ನು ಕೂಡಲೇ ತಿಳಿಸಬೇಕಾಗಿ ವಿನಂತಿ. ಅಷ್ಟು ದೂರದಿಂದ ಬಂದು ಗಾಜು ಒರೆಸಿದ ಒಳ್ಳೆಯ ಮನುಷ್ಯನಿಗೆ ಅಮ್ಮ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ. ಧಕ್ಕೆಯ ಚಳಿ ಮೊದಲು ಹತ್ತುವುದು ಬೆರಳುಗಳಿಗೆ ಎಂದು ಅವರಿಗೆ ಈಗ ಗೊತ್ತು.