ಬಟ್ಟೆಗೆ ಸಿಗದವರು

ನಮ್ಮ ದೊಡ್ಡಮ್ಮನಿಗೆ ಹುಲಿಯ ಭಯವಿಲ್ಲ, ದೆವ್ವದ ಭಯವಿಲ್ಲ, ಹುದಿಕೇರಿ ಎಸ್ಟೇಟಿನ ಬಿಳಿ ದೊರೆಯ ಭಯವಂತೂ ಮೊದಲೇ ಇಲ್ಲ. ಅವರು ಹೆದರುತ್ತಿದ್ದದ್ದು ತಿಳಿನೀರಿಗೆ! ಕೆಸರುನೀರು ಕಂಡರೆ ನಗುತ್ತಿದ್ದರು.

"ಮಣ್ಣು ದೊಡ್ಡದು ಮಾರಾಯ, ಬಟ್ಟೆಗೆ ಸಿಕ್ಕಿಬೀಳ್ತದೆ. ಸಿಗದವರು ಉಂಟಲ್ಲ, ಅವರದ್ದೇ ಕಷ್ಟ."

ಯಾರಪ್ಪಾ ಅವರು? ನೀರು ಸೋಸುವಾಗ ಸೊಳ್ಳೆಮರಿ ಒಂದೇ ಪದರದ ಬಟ್ಟೆಗೂ ಸಿಗುತ್ತದೆ. ಅದಕ್ಕಿಂತ ಸಣ್ಣ ಕಸಕ್ಕೆ ಮಡಿಸಿದ ಹಳೇ ಸೀರೆ. ಇನ್ನೂ ಸಣ್ಣದಕ್ಕೆ ಮರಳು, ಇದ್ದಿಲು ತುಂಬಿದ ಗಡಿಗೆ. ಅದರೊಳಗಿಂದಲೂ ನುಸುಳಿ ಬರುವವರ ಹೆಸರನ್ನು ದೊಡ್ಡಮ್ಮ ಎತ್ತುತ್ತಿರಲಿಲ್ಲ. ಒಲೆಯ ಕಡೆ ಕೈತೋರಿಸಿ, "ಅವರು ಬೆಂಕಿಗೆ ಮಾತ್ರ ಹೆದರ್ತಾರೆ" ಎನ್ನುತ್ತಿದ್ದರು. ಹಂಡೆಯ ಗುಳುಗುಳು ಕೇಳಿದರೆ ಒಳಗೆ ಯಾರೋ ಅಳುತ್ತಿದ್ದಾರೆಂದು ನಾವು ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. ಬಾಯಾರಿಕೆ ಅಲ್ಲಿಗೇ ಮುಗಿಯುತ್ತಿತ್ತು!

ಒಮ್ಮೆ ತುಲಾ ಸಂಕ್ರಮಣಕ್ಕೆ ಅಜ್ಜ ತಲಕಾವೇರಿಯಿಂದ ತೀರ್ಥ ತಂದರು. ದೊಡ್ಡಮ್ಮ ಅದನ್ನೂ ಸೋಸಿ ಕುದಿಸಿಬಿಟ್ಟರು. ಅಜ್ಜ ಕೆಂಡವಾದರು.

"ಕಾವೇರಮ್ಮನನ್ನೇ ಬೇಯಿಸಿದೆಯಲ್ಲೇ!"

"ಅಮ್ಮನಿಗೆ ಏನೂ ಆಗ್ಲಿಲ್ಲ ಮಾವ. ಅಮ್ಮನ ಜೊತೆ ಬಂದವರು ಸತ್ರು, ಅಷ್ಟೆ."

ಅಜ್ಜ ವಾರವಿಡೀ ಸೊಸೆಯ ಜೊತೆ ಮಾತು ಬಿಟ್ಟರು. ಆಕೆ ಕುದಿಸಿದ ನೀರು ಕುಡಿಯುವುದನ್ನು ಮಾತ್ರ ಬಿಡಲಿಲ್ಲ.

ಇದೆಲ್ಲ ನಗೆಯ ಮಾತಾಯಿತು. ನಗು ಬಾರದ್ದು ಒಂದಿತ್ತು. ದಿನಾ ಮುಸ್ಸಂಜೆ ದೊಡ್ಡಮ್ಮ ಕುದಿಸಿ ಆರಿಸಿದ ನೀರನ್ನು ಸಣ್ಣ ಲೋಟಕ್ಕೆ ತುಂಬಿ, ತಟ್ಟೆ ಮುಚ್ಚಿ, ಹಿಂಬಾಗಿಲ ಹೊಸ್ತಿಲಲ್ಲಿ ಇಡುತ್ತಿದ್ದರು. ಕತ್ತಲಾಗುತ್ತಿದ್ದ ತೋಟದ ಕಡೆ ಮುಖಮಾಡಿ, "ಕುದ್ದದ್ದೇ, ಕುಡಿ" ಎನ್ನುತ್ತಿದ್ದರು. ಬೆಳಿಗ್ಗೆ ನೋಡಿದರೆ ಲೋಟ ಖಾಲಿ! ಬೆಕ್ಕು ಕುಡಿದಿರಬೇಕು ಎಂದುಕೊಂಡೆವು. ಆದರೆ ತಟ್ಟೆ ಮುಚ್ಚಿದಂತೆಯೇ ಇರುತ್ತಿತ್ತು. ನೀರು ಕುಡಿದು ತಟ್ಟೆ ಮುಚ್ಚಿಡುವ ಬೆಕ್ಕನ್ನು ನೀವು ನೋಡಿದ್ದೀರಾ?

ಅಮ್ಮನನ್ನು ಕಾಡಿದ ಮೇಲೆ ಗೊತ್ತಾಯಿತು. ನಾನು ಹುಟ್ಟುವ ಮೊದಲು ದೊಡ್ಡಮ್ಮನಿಗೊಬ್ಬಳು ಮಗಳಿದ್ದಳು. ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ವಾಂತಿಭೇದಿ ಹಬ್ಬಿದಾಗ ತೀರಿಹೋದಳು. ತೊರೆಯ ನೀರು ಕನ್ನಡಿಯಂತಿತ್ತಂತೆ. ಬಟ್ಟೆಯಲ್ಲಿ ಸೋಸಿ, ಕೈಯಾರೆ ಕುಡಿಸಿದ್ದು ದೊಡ್ಡಮ್ಮನೇ. ಕಾಯಿಲೆಯ ಹುಳ ಬಟ್ಟೆಯ ಎಳೆಗಳ ನಡುವೆ ತೂರಿಹೋಗುವಷ್ಟು ಸಣ್ಣದು, ಕುದಿಸಬೇಕಿತ್ತು ಎಂದು ಡಾಕ್ಟರು ಹೇಳಿದ್ದು ಆಮೇಲೆ. ಅದನ್ನು ಕೇಳಿದ ದಿನದಿಂದ ನಾನು ಆ ಹಂಡೆಯ ಮುಂದಿನಿಂದ ಓಡಲಿಲ್ಲ.

ದೊಡ್ಡಮ್ಮ ತೀರಿಕೊಂಡ ವರ್ಷ ಹಿರಿಯರಿಗೆ ಎಡೆ ಇಟ್ಟೆವು. ಅನ್ನ, ಕೋಳಿಸಾರು, ಪಕ್ಕದಲ್ಲಿ ಬಾವಿಯಿಂದ ಆಗಷ್ಟೇ ಸೇದಿದ ನೀರು. ದೀಪ ಹಚ್ಚಲು ಬಗ್ಗಿದ ಅಜ್ಜ ಲೋಟವನ್ನು ಎತ್ತಿ ನೋಡಿ, ಅಮ್ಮನ ಕೈಗೆ ವಾಪಸ್ಸು ಕೊಟ್ಟರು.

"ಹಸಿನೀರು ಇಡ್ತೀಯಲ್ಲ ಮಗಳೇ. ಕುದಿಸಿ ತಾ. ಇದನ್ನ ಅವಳು ಮಗುವಿಗೆ ಕುಡಿಯೋಕೆ ಬಿಡೋದಿಲ್ಲ."