ಅಪ್ಪರ್ ಹಟ್‌ನ ಚಕ್ಕೋತದ ಅಂಕಲ್

ನಮ್ಮ ಅಪ್ಪರ್ ಹಟ್‌ನ ಅಂಕಲ್‌ಗಿಂತ ದೊಡ್ಡ ತೋಟಗಾರ ಇಡೀ ನ್ಯೂಜಿಲೆಂಡಿನಲ್ಲಿಲ್ಲ. ಆದರೆ ಅವರ ಹಿತ್ತಲಲ್ಲಿ ಒಂದೇ ಒಂದು ಗಿಡವೂ ಇಲ್ಲ! ಇಲ್ಲಿನ ಚಳಿಗೆ ನಿಂಬೆಗಿಡವೇ ಸತ್ತ ಮೇಲೆ ಅವರೂರು ದೇವನಹಳ್ಳಿಯ ಚಕ್ಕೋತ ಬದುಕೀತೇ? ಹಾಗಾಗಿ ಅವರ ಮರಗಳೆಲ್ಲ ಕರ್ನಾಟಕದಲ್ಲಿ, ಬೇರೆಯವರ ಹಿತ್ತಲುಗಳಲ್ಲಿವೆ.

ಕದ್ದು ಬೀಜ ತಂದು ಗಾಜಿನ ಮನೆಯಲ್ಲಿ ಬೆಳೆಸಬಹುದಿತ್ತಲ್ಲ ಎನ್ನುತ್ತೀರಾ? ಶಿವ ಶಿವಾ! ಹೊರದೇಶದ ಬೀಜ, ಮಣ್ಣು ಒಳಗೆ ಬಿಡದ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳದಿದ್ದರೂ ‘ನನ್ನ ಚಪ್ಪಲಿಯಲ್ಲಿ ತೋಟದ ಮಣ್ಣಿದೆ’ ಎಂದು ಒಪ್ಪಿಕೊಂಡು, ಅದನ್ನು ತೊಳೆಸಿಕೊಳ್ಳುವಷ್ಟರಲ್ಲಿ ವೆಲ್ಲಿಂಗ್ಟನ್ ವಿಮಾನ ತಪ್ಪಿಸಿಕೊಂಡವರು ಅವರು.

“ಇಲ್ಲಿನ ಗಿಡಗಳಿಗೆ ನಮ್ಮೂರ ರೋಗ ಯಾಕಪ್ಪಾ?” ಎನ್ನುತ್ತಾರೆ.

ಊರಿಗೆ ಹೊರಟವರಿಗೆ ಎಲ್ಲರೂ ಸಾರಿನ ಪುಡಿ ತರಲು ಹೇಳಿದರೆ, ಅಂಕಲ್ ಒಬ್ಬರ ಹಿತ್ತಲಿನ ಮರದಿಂದ ಸಸಿ ಮಾಡಿ ಇನ್ನೊಬ್ಬರ ಹಿತ್ತಲಲ್ಲಿ ನೆಡಲು ಹೇಳುತ್ತಾರೆ. ನನ್ನ ಸರದಿಯೂ ಬಂತು. ದೇವನಹಳ್ಳಿಯಲ್ಲಿ ಅವರ ತಾಯಿ, ಅವರ ಮಾತಿನಲ್ಲಿ ‘ಅಮ್ಮಿ’, ನೆಟ್ಟ ಕೆಂಪು ತೊಳೆಯ ಚಕ್ಕೋತ ಹೊಸ ರಸ್ತೆಗೆ ಬಲಿಯಾಗುವುದಿತ್ತು. ಅಷ್ಟು ಸಿಹಿ ಜಾತಿ ಅವರಿಗೆ ಗೊತ್ತಿದ್ದಂತೆ ಇನ್ನೆಲ್ಲೂ ಉಳಿದಿರಲಿಲ್ಲ. ಎದೆಯ ಆಪರೇಷನ್ ಆಗಿದ್ದರಿಂದ ಅವರು ಹೋಗುವಂತಿರಲಿಲ್ಲ. ಕೊಂಬೆಯ ತೊಗಟೆ ಸುಲಿದು, ಮಣ್ಣು ಮೆತ್ತಿ, ಬೇರು ಬರುವಂತೆ ಗೂಟಿ ಕಟ್ಟುವುದನ್ನು ಪೊರಕೆ ಹಿಡಿ ಮತ್ತು ಚಪಾತಿ ಹಿಟ್ಟಿನಲ್ಲಿ ಕಲಿಸಿದರು. ಅಂದು ಆಂಟಿ ಬರೀ ಅನ್ನ ಬಡಿಸಿದರು!

ಐದು ಗೂಟಿ ಕಟ್ಟಿ ದೇವನಹಳ್ಳಿಯಿಂದ ಜಂಬದಿಂದ ಫೋನ್ ಮಾಡಿದೆ. “ಅಂಕಲ್, ಮೂರು ವಾರ ರಜೆ ಇದೆ. ಸಸಿ ನೆಟ್ಟೇ ಬರ್ತೀನಿ.”

“ಬೇರು ಬರೋಕೆ ಎರಡು ತಿಂಗಳು ಬೇಕು ಕಣೋ! ಅದಕ್ಕೆ ನಿನ್ನ ಆಫೀಸ್ ರಜೆ ಗೊತ್ತಾಗುತ್ತಾ?”

ಆಮೇಲೆ ಮರ ಕಡಿಯುವುದನ್ನು ಮುಂದೂಡಿಸಲು ಅಂಕಲ್ ರಸ್ತೆಯ ಕಂಟ್ರಾಕ್ಟರನಿಗೆ ದಿನಾ ಫೋನ್ ಮಾಡತೊಡಗಿದರು. ಎರಡನೇ ವಾರಕ್ಕೆ ಆತ ತನ್ನ ಮಗಳಿಗೆ ಬಂದ ಸಂಬಂಧಗಳ ಬಗ್ಗೆ ಇವರ ಸಲಹೆ ಕೇಳುತ್ತಿದ್ದ. ನಾನು ರಜೆ ಮುಗಿಸಿ ವಾಪಸಾದೆ; ಮರ ಎರಡು ತಿಂಗಳು ನಿಂತಿತು.

ಮೂರು ಗೂಟಿಗಳು ಬೇರು ಬಿಟ್ಟವು. ಒಂದೇ ಕಡೆ ನೆಟ್ಟರೆ ಇನ್ನೊಂದು ರಸ್ತೆಗೆ ಎಲ್ಲವೂ ಹೋದಾವೆಂದು ಅಂಕಲ್ ಅವನ್ನು ಆಮೇಲೆ ಊರಿಗೆ ಹೋದವರ ಕೈಲಿ ಮೂರು ಊರುಗಳಿಗೆ ಹಂಚಿಸಿದರು. ಎರಡು ಒಣಗಿದವು. ಉಳಿದದ್ದು ಮಂಡ್ಯದಲ್ಲಿ ನಮ್ಮಮ್ಮನ ಹಿತ್ತಲಿನದೊಂದೇ. ನಾಲ್ಕು ವರ್ಷವಾದ ಮೇಲೆ, ಮೊನ್ನೆ, ಅದರಲ್ಲಿ ಒಂದೇ ಒಂದು ಹಣ್ಣು ಮಾಗಿತು. ಅಮ್ಮನ ಫೋನ್ ಬಂದದ್ದೇ ನಾನು ಅಂಕಲ್ ಮನೆಗೆ ಓಡಿದೆ.

“ಒಳಗೆ ಕೆಂಪಾ?”

“ಕೆಂಪೇ ಅಂಕಲ್. ಆದ್ರೆ... ಅಮ್ಮ ಅದನ್ನ ಪಕ್ಕದ ಮನೆ ಬಸುರಿ ಹುಡುಗಿಗೆ ಕೊಟ್ಟುಬಿಟ್ರಂತೆ. ಒಂದು ತೊಳೆನೂ ಬಿಡದೆ ತಿಂದು, ‘ನಮಗೂ ಒಂದು ಗಿಡ ಮಾಡ್ಕೊಡಿ’ ಅಂದ್ಲಂತೆ.”

ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅಂಕಲ್ ಕನ್ನಡಕ ತೆಗೆದರು. ಅವರು ಅಳುವುದನ್ನು ನಾನೆಂದೂ ನೋಡಿರಲಿಲ್ಲ.

“ಗಿಡ ಬೇಕು ಅಂತ ಅವಳೇ ಕೇಳಿದ್ಲಾ?” ಎಂದರು. “ಹಂಗಾದ್ರೆ ನಮ್ಮ ಅಮ್ಮಿ ಮರ ಉಳೀತು ಕಣೋ.”